ದವನದ ಹುಣ್ಣಿಮೆಯ ಈಸ್ಟರ್

ಮಗಳ ಬಾಣಂತನಕ್ಕೆ ಪೋಲಂಡಿಗೆ ಹೋಗುತ್ತೇನೆಂದು ತಿಳಿದಾಗ ನೇಸರಗಿಯ ನಮ್ಮ ಓಣಿಯ ಹೆಣ್ಣುಮಕ್ಕಳು ಕೇಳಿದ್ದು ಒಂದೇ ಪ್ರಶ್ನೆ: "ಅಲ್ಲಿ ಊಟಕ್ಕ ಏನ ಮಾಡ್ತೀರಿ ಅಕ್ಕಾರ?" ಆ ದೇಶ ಎಲ್ಲಿದೆ, ಹೇಗಿದೆ ಎಂದು ಯಾರೂ ಕೇಳಲಿಲ್ಲ. ಕೇಳಿದ್ದರೂ ನನ್ನಲ್ಲಿ ಉತ್ತರವಿರಲಿಲ್ಲ. ಎರಡನೆಯ ಮಹಾಯುದ್ಧ 1939ರಲ್ಲಿ ಅಲ್ಲಿಂದ ಶುರುವಾಯಿತೆಂದು ಹೈಸ್ಕೂಲಿನಲ್ಲಿ ಬಾಯಿಪಾಠ ಮಾಡಿದ್ದೆ, ಅಷ್ಟೇ.

2025ರ ಫೆಬ್ರುವರಿಯಲ್ಲಿ, ಮೂರು ತಿಂಗಳ ವೀಸಾದ ಮೇಲೆ, ಕ್ರಾಕೂಫ್ ಎಂಬ ಹಳೆಯ ಪಟ್ಟಣಕ್ಕೆ ಹೋಗಿ ಇಳಿದೆ. ಪೋಪ್ ಎರಡನೆಯ ಜಾನ್ ಪಾಲ್ ಅವರು ರೋಮಿಗೆ ಹೋಗುವ ಮುಂಚೆ ಇದೇ ಊರಿನ ಆರ್ಚ್‌ಬಿಷಪ್ ಆಗಿದ್ದರಂತೆ. ಓಣಿಗೊಂದು ಚರ್ಚು. ನನ್ನ ಪೆಟ್ಟಿಗೆಯಲ್ಲಿ ಅಳವಿ, ಅಂಟು, ಒಣಕೊಬ್ಬರಿ, ಶೇಂಗಾ ಚಟ್ನಿ, ಬೆಲ್ಲ, ಎರಡು ಡಬ್ಬಿ ಕಡಕ್ ರೊಟ್ಟಿ. ಹದಿನೈದು ದಿನಕ್ಕೆ ಮೊಮ್ಮಗಳು ಹುಟ್ಟಿದಳು. ಹೊರಗೆ ಹಿಮ, ಒಳಗೆ ಅಳವಿ ಪಾಯಸ. ಬಾಣಂತನ ಸುಸೂತ್ರವಾಗಿ ನಡೆಯಿತು.

ತೊಡಕು ಬಂದದ್ದು ಮಾರ್ಚ್ 30ರ ಯುಗಾದಿಯ ದಿನ. ಕೂಸಿಗೆ ಎಣ್ಣೆ ನೀರು ಹಾಕಿ, ಹೋಳಿಗೆ ಮಾಡೋಣವೆಂದು ಕಡಲೆಬೇಳೆ ನೆನೆಯಿಟ್ಟಿದ್ದೆ. ಮಗಳು ನಿದ್ದೆಗಣ್ಣಿನಲ್ಲಿ ಬಂದು ಅಂದಳು: "ಬ್ಯಾಡ ಅವ್ವಾ. ಇಲ್ಲಿ ಬೇವು ಎಲ್ಲಿ ಸಿಗತದ? ಯಾರ ಬರ್ತಾರ? ಹಬ್ಬ ಅಂದ್ರ ಊರಾಗ ಇದ್ದವರಿಗೆ."

ನಾನು ಏನೂ ಅನ್ನಲಿಲ್ಲ. ರಾತ್ರಿಯಿಡೀ ನಿದ್ದೆಯಿಲ್ಲದ ಬಾಣಂತಿಗೆ ಏನೆಂದು ಹೇಳುವುದು? ಆದರೆ ಆ ಮಾತು ಗಂಟಲಲ್ಲಿ ಸಿಕ್ಕ ಮುಳ್ಳಿನಂತೆ ಉಳಿಯಿತು. ಹಬ್ಬ ಊರಲ್ಲಿದ್ದವರಿಗೆ ಮಾತ್ರವೇ ಆದರೆ, ತೊಟ್ಟಿಲಲ್ಲಿ ಮಲಗಿದ ಈ ಕೂಸಿಗೆ ಯಾವ ಹಬ್ಬ? ಇವಳಿಗೆ ಊರು ಯಾವುದು?

ನಮ್ಮ ಕೆಳಗಿನ ಮನೆಯಲ್ಲಿ ಎಂಬತ್ತು ದಾಟಿದ ಒಬ್ಬ ಅಜ್ಜಿ ಒಬ್ಬಳೇ ಇದ್ದಳು. ಅವರ ಭಾಷೆಯಲ್ಲಿ ಅಜ್ಜಿಗೆ ಬಾಬ್ಚಾ ಅನ್ನುತ್ತಾರೆ. ನಾನೂ ಹಾಗೇ ಕರೆದೆ. ಕೂಸಿಗೆ ಉಣ್ಣೆಯ ಟೊಪ್ಪಿಗೆ ಹೆಣೆದು ತಂದವಳು ಅವಳೇ. ಮಗಳು ಇದ್ದಾಗ ಅವಳ ಮೂಲಕ ಮಾತು, ಇಲ್ಲದಾಗ ಕೈಸನ್ನೆ. ಇಬ್ಬರು ಮುದುಕಿಯರಿಗೆ ಅಷ್ಟು ಸಾಕು.

ಏಪ್ರಿಲ್ ಹತ್ತಿರ ಬಂದಂತೆ ಬಾಬ್ಚಾ ಗಡಿಬಿಡಿಯಲ್ಲಿದ್ದಳು. ಕಿಟಕಿಯ ಗಾಜು ಒರೆಸುವುದು, ಪರದೆ ಒಗೆಯುವುದು, ಪಾತ್ರೆ ಬೆಳಗುವುದು. ನಮ್ಮಲ್ಲಿ ಹಬ್ಬದ ಮುಂಚೆ ಮನೆ ಸಾರಿಸಿ ಸುಣ್ಣ ಬಳಿಯುವುದಿಲ್ಲವೇ, ಹಾಗೆ. "ಈಸ್ಟರ್ ಯಾವ ತಾರೀಖಿಗೆ?" ಎಂದು ಕೇಳಿಸಿದೆ. ಆ ವರ್ಷ ಏಪ್ರಿಲ್ 20. ವರ್ಷ ವರ್ಷ ಬೇರೆ ತಾರೀಖು. ಲೆಕ್ಕ ಕೇಳಿದಾಗ ನನಗೆ ನಗು ಬಂತು. ಮಾರ್ಚ್ 21ಕ್ಕೆ ಅಥವಾ ಆಮೇಲೆ ಬರುವ ಮೊದಲ ಹುಣ್ಣಿಮೆ ಕಳೆದ ಮೇಲಿನ ರವಿವಾರ ಈಸ್ಟರ್. ಹುಣ್ಣಿಮೆ ರವಿವಾರವೇ ಬಿದ್ದರೆ ಅದರ ಮುಂದಿನ ರವಿವಾರ. ಇದು ಪಂಚಾಂಗವಲ್ಲದೆ ಮತ್ತೇನು? ಆ ವರ್ಷ ನಮ್ಮ ದವನದ ಹುಣ್ಣಿಮೆ ಏಪ್ರಿಲ್ 12ರ ಶನಿವಾರ. ಅವರ ಲೆಕ್ಕದಲ್ಲಿ 13ರ ರವಿವಾರ. ಹೀಗಾಗಿ ಹಬ್ಬ 20ಕ್ಕೆ ಹೋಯಿತು. ಸವದತ್ತಿಯ ಗುಡ್ಡಕ್ಕೆ ಚಕ್ಕಡಿ ಹೂಡುವ ಹುಣ್ಣಿಮೆಯನ್ನೇ ನೋಡಿಕೊಂಡು ಅವರೂ ಹಬ್ಬದ ದಿನ ಗೊತ್ತು ಮಾಡುತ್ತಾರೆಂದರೆ ದೇಶ ಅಷ್ಟೊಂದು ಪರದೇಶವೆನಿಸಲಿಲ್ಲ. ಈಸ್ಟರಿಗೆ ಅವರ ಹೆಸರು ವ್ಯೆಲ್ಕಾನೋತ್ಸ್. ಅಂದರೆ ದೊಡ್ಡ ರಾತ್ರಿ. ಮಹಾಶಿವರಾತ್ರಿ ಅನ್ನುವ ನಮಗೆ ಅದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ.

ಹಬ್ಬದ ಹಿಂದಿನ ರವಿವಾರ ಗರಿಗಳ ಹಬ್ಬ. ಯೇಸು ಜೆರೂಸಲೇಮಿಗೆ ಬಂದಾಗ ಜನ ಖರ್ಜೂರದ ಗರಿ ಹಿಡಿದು ಸ್ವಾಗತಿಸಿದ್ದರ ನೆನಪು. ಆ ಚಳಿಯ ನಾಡಿನಲ್ಲಿ ಖರ್ಜೂರ ಎಲ್ಲಿಂದ ಬರಬೇಕು? ಅದಕ್ಕೆ ಅವರು ವಿಲ್ಲೋ ಎಂಬ ಗಿಡದ ಟೊಂಗೆ ಹಿಡಿಯುತ್ತಾರೆ. ಎಲೆ ಬರುವ ಮುಂಚೆ ಅದಕ್ಕೆ ಬೆಕ್ಕಿನ ಪಂಜದಂಥ ಬೂದು ಮೊಗ್ಗು ಬಿಡುತ್ತದೆ. ಆ ಟೊಂಗೆಗೆ ಒಣಹೂವು, ಬಣ್ಣದ ಕಾಗದ ಸುತ್ತಿ ಚರ್ಚಿಗೆ ಒಯ್ಯುತ್ತಾರೆ. ಕ್ರಾಕೂಫಿನಿಂದ ಬಸ್ಸಿನ ದಾರಿಯ ಲಿಪ್ನಿತ್ಸಾ ಮುರೊವಾನಾ ಎಂಬ ಹಳ್ಳಿಯಲ್ಲಿ ಯಾರ ಗರಿ ಎತ್ತರ ಎಂದು ಪಂದ್ಯವೇ ನಡೆಯುತ್ತದೆ. 30 ಮೀಟರ್ ಮೀರಿದ್ದೂ ಉಂಟು. ಟಿವಿಯಲ್ಲಿ ಆ ಉದ್ದದ ಗಳ ಎತ್ತಿ ನಿಲ್ಲಿಸುವುದನ್ನು ಕಂಡಾಗ ಜಾತ್ರೆಯ ನಂದಿಕೋಲು ನೆನಪಾಯಿತು.

ಗುರುವಾರ ಸಂಜೆಯಿಂದ ಊರಿನ ಗಂಟೆಗಳೆಲ್ಲ ಮೌನ. ಗಂಟೆಯ ಬದಲು ಕಟ್ಟಿಗೆಯ ಗಿಲಕಿ ಆಡಿಸುತ್ತಾರೆ. ಶುಕ್ರವಾರ ಪ್ರತಿ ಚರ್ಚಿನ ಮೂಲೆಯಲ್ಲಿ ಯೇಸುವಿನ ಸಮಾಧಿ ಕಟ್ಟಿ, ಹೂವಿಟ್ಟು, ಮೇಣಬತ್ತಿ ಹಚ್ಚಿಟ್ಟಿರುತ್ತಾರೆ. ಜನ ಒಂದರಿಂದ ಒಂದಕ್ಕೆ ನಡೆದು ಹೋಗಿ ಮೊಣಕಾಲೂರಿ ಬರುತ್ತಾರೆ. ಬಾಬ್ಚಾ ಅಂದು ಬರಿಯ ಒಣ ಬ್ರೆಡ್ಡು ತಿಂದಳು. ಕರೀಬಟ್ಟೆ ತೊಟ್ಟ ಹೆಂಗಸರನ್ನು ನೋಡುತ್ತ ನನಗೆ ಎಲ್ಲಮ್ಮನ ಹೊಸ್ತಿಲ ಹುಣ್ಣಿಮೆ ಕಣ್ಣಿಗೆ ಕಟ್ಟಿತು. ಜಮದಗ್ನಿ ತೀರಿದನೆಂದು ಅಂದು ತಾಯಿಯ ಬಳೆ ಒಡೆಯುತ್ತಾರೆ. ಭಾರತ ಹುಣ್ಣಿಮೆಗೆ ಗಂಡ ಎದ್ದು ಬಂದನೆಂದು ಮತ್ತೆ ಹಸಿರು ಬಳೆ, ಕುಂಕುಮ. ಕಥೆ ಬೇರೆ, ದೇವರು ಬೇರೆ. ಆದರೆ ಸತ್ತವರು ಎದ್ದು ಬರಲೆಂದು ಬಳೆ ಕಳಚಿಟ್ಟು ಕಾಯುವ ಹೆಣ್ಣಿನ ಸಂಕಟ ಎರಡು ಕಡೆಗೂ ಒಂದೇ.

ಶನಿವಾರದ್ದು ಬುಟ್ಟಿಯ ಹಬ್ಬ. ಇದು ಪೂರ್ತಿ ಹೆಂಗಸರ ಕಾರಭಾರ. ಪುಟ್ಟ ಬೆತ್ತದ ಬುಟ್ಟಿಗೆ ಕಸೂತಿ ಹಾಕಿದ ಬಿಳಿ ಬಟ್ಟೆ ಹಾಸಿ, ಮರುದಿನದ ಊಟದ ಒಂದೊಂದು ತುಣುಕನ್ನು ಇಟ್ಟು, ಪಾದ್ರಿಯಿಂದ ತೀರ್ಥ ಚಿಮುಕಿಸಿಕೊಂಡು ಬರಬೇಕು. ಬ್ರೆಡ್ಡು, ಉಪ್ಪು, ಬೆಣ್ಣೆಯಿಂದ ಮಾಡಿದ ಕುರಿಮರಿ, ಮೂಗಿಗೆ ಅಡರುವ ಒಂದು ಖಾರದ ಬೇರು, ಮಾಂಸದ ತುಂಡು, ಬಣ್ಣದ ಮೊಟ್ಟೆ. ಮೊಟ್ಟೆಯ ಮೇಲೆ ಕಾಯಿಸಿದ ಮೇಣದಿಂದ ಗೆರೆ ಎಳೆದು, ಉಳ್ಳಾಗಡ್ಡಿಯ ಸಿಪ್ಪೆ ಕುದಿಸಿದ ನೀರಿನಲ್ಲಿ ಅದ್ದುತ್ತಾರೆ. ಮೇಣ ಹತ್ತಿದಲ್ಲಿ ಬಿಳಿ, ಉಳಿದೆಡೆ ಕಂದು. ಇದು ಬಹಳ ಹಳೆಯ ವಿದ್ಯೆ. ಓಪೋಲೆ ಎಂಬ ಊರಿನ ಉತ್ಖನನದಲ್ಲಿ 10ನೆಯ ಶತಮಾನದ ಇಂಥ ಮೊಟ್ಟೆಗಳು ಸಿಕ್ಕಿವೆ. ಆ ದೇಶ ಕ್ರೈಸ್ತಮತಕ್ಕೆ ಸೇರಿದ್ದೂ ಆ ಶತಮಾನದಲ್ಲೇ, 966ರಲ್ಲಿ.

1980ರ ದಶಕದಲ್ಲಿ ಅಂಗಡಿಗಳು ಬರಿದಾಗಿ ಮಾಂಸಕ್ಕೆ ರೇಶನ್ ಚೀಟಿ ಇದ್ದಾಗಲೂ ಈ ಬುಟ್ಟಿಗೆಂದು ಒಂದು ತುಂಡು ತೆಗೆದಿಡುತ್ತಿದ್ದೆ ಎಂದು ಬಾಬ್ಚಾ ಹೇಳಿದಳು. ಆಮೇಲೆ ನನ್ನ ಮುಂದೂ ಒಂದು ಖಾಲಿ ಬುಟ್ಟಿ ಇಟ್ಟಳು.

ನನಗೆ ಇಕ್ಕಟ್ಟಾಯಿತು. ಲಿಂಗವಂತರ ಮನೆಯವಳು ನಾನು. ಮೊಟ್ಟೆ ಮುಟ್ಟಿದವಳಲ್ಲ. ಮೇಲಾಗಿ, ಕೊರಳಲ್ಲಿ ಲಿಂಗ ಕಟ್ಟಿಕೊಂಡು ಇನ್ನೊಬ್ಬರ ಚರ್ಚಿಗೆ ಬುಟ್ಟಿ ಹೊತ್ತು ಹೋಗುವುದೇ? ಆಗ ನೆನಪಾದದ್ದು ನಮ್ಮೂರ ಹತ್ತಿರದ ದೇಶನೂರು. ಅಲ್ಲಿ ಕಾವಿ ಉಟ್ಟು, ಮಾಂಸ ಬಿಟ್ಟು, ವಿರಕ್ತ ಮಠದ ರೀತಿಯಲ್ಲಿ ಬಾಳುವ ಕ್ರೈಸ್ತ ಸ್ವಾಮಿಗಳಿದ್ದಾರೆ. ಜೆಸುಯಿಟ್ ಸಂಘದವರು. ನಮ್ಮ ಅಂಗಳಕ್ಕೆ ಬರಲು ಅವರು ತಮ್ಮ ಉಡುಗೆ, ಊಟ ಎರಡನ್ನೂ ಬದಲಿಸಿದರು. ನಾನು ಒಂದು ಬುಟ್ಟಿ ಹಿಡಿದು ಇವಳ ಜೊತೆ ನಿಂತರೆ ಹೋಗುವುದೇನು?

"ಮೊಟ್ಟೆ, ಮಾಂಸ ಇಡಂಗಿಲ್ಲ," ಎಂದು ಮಗಳ ಕೈಲಿ ಹೇಳಿಸಿದೆ. ಬಾಬ್ಚಾ ಸ್ವಲ್ಪ ಯೋಚಿಸಿ, "ರೊಟ್ಟಿ, ಉಪ್ಪು ಇದ್ದರೆ ಬುಟ್ಟಿ ತುಂಬಿದ ಹಾಗೇ," ಎಂದಳು. ನಾನು ನೇಸರಗಿಯಿಂದ ಒಯ್ದ ಕಡಕ್ ರೊಟ್ಟಿ ಎರಡು, ಬೆಲ್ಲದ ತುಂಡು, ಉಪ್ಪು ಇಟ್ಟೆ. ಚರ್ಚಿನ ಮುಂದೆ ಉದ್ದನೆಯ ಮೇಜುಗಳ ಮೇಲೆ ನೂರಾರು ಬುಟ್ಟಿ. ಚಿಕ್ಕ ಮಕ್ಕಳು ತಮ್ಮ ಬುಟ್ಟಿ ಯಾವುದೆಂದು ಬೆರಳು ಮಾಡಿ ತೋರಿಸುತ್ತಿದ್ದವು. ಪಾದ್ರಿ ನೀರು ಚಿಮುಕಿಸುತ್ತ ಬಂದಾಗ ಜೋಳದ ರೊಟ್ಟಿಯ ಮೇಲೂ ನಾಲ್ಕು ಹನಿ ಬಿದ್ದವು. ಕೂಸನ್ನು ಎತ್ತಿಕೊಂಡಿದ್ದ ಮಗಳು ನನ್ನನ್ನು ನೋಡಿ ನಕ್ಕಳು. ಯುಗಾದಿಯ ಮೇಲೆ ಅವಳು ಹಾಗೆ ನಕ್ಕದ್ದು ಅದೇ ಮೊದಲು.

ಮನೆಗೆ ಬಂದು ಚಹ ಕುಡಿಯುವಾಗ ಬಾಬ್ಚಾ ನನ್ನ ಊರು ಎಲ್ಲಿ ಎಂದು ಕೇಳಿದಳು. ಬೆಳಗಾವಿ ಎಂದರೆ ಅವಳಿಗೆ ತಿಳಿಯಲಿಲ್ಲ. ಬೆಂಗಳೂರು ದೂರ. ಗೋವಾ ಕೇಳಿದ್ದಳು. ಮಗಳು ಫೋನಿನಲ್ಲಿ ನಕ್ಷೆ ತೆಗೆದು, "ಇಲ್ಲಿ ಗೋವಾ, ಇಲ್ಲಿ ಕೊಲ್ಲಾಪುರ, ನಡುವೆ ಬೆಳಗಾವಿ," ಎಂದು ತೋರಿಸಿದಳು. ಬಾಬ್ಚಾ ಚಹದ ಕಪ್ಪು ಕೆಳಗಿಟ್ಟಳು. "ಕೊಲ್ಹಾಪುರ್? ವಳಿವಡೆ?"

ಆ ಹೆಸರನ್ನು ಅವಳ ಬಾಯಲ್ಲಿ ಕೇಳಿ ನನಗೆ ಮೈ ಜುಮ್ಮೆಂದಿತು. ಕೊಲ್ಲಾಪುರದ ಮಹಾಲಕ್ಷ್ಮಿಗೆ ನಾನು ಎಷ್ಟು ಸಲ ಹೋಗಿಲ್ಲ! ಬೆಳಗಾವಿಯಿಂದ ನೂರಾ ಹತ್ತು ಕಿಲೋಮೀಟರ್. ರಾಯಬಾಗ, ರಾಮದುರ್ಗದ ಕಟಕೋಳ 1949ರವರೆಗೆ ಕೊಲ್ಲಾಪುರ ಸಂಸ್ಥಾನಕ್ಕೇ ಸೇರಿದ್ದವು. ಆದರೂ ವಳಿವಡೆಯಲ್ಲಿ ಏನಾಗಿತ್ತೆಂದು ನನಗೆ ಯಾರೂ ಹೇಳಿರಲಿಲ್ಲ. ಅದನ್ನು ಪೋಲಂಡಿನ ಅಡಿಗೆಮನೆಯಲ್ಲಿ ಕೂತು ಕೇಳಬೇಕಾಯಿತು.

1939ರಲ್ಲಿ ಪೋಲಂಡಿನ ಪಶ್ಚಿಮಕ್ಕೆ ಜರ್ಮನಿ ನುಗ್ಗಿತು, ಹದಿನಾರು ದಿನಕ್ಕೆ ಪೂರ್ವದಿಂದ ಸೋವಿಯತ್ ರಶಿಯಾ ನುಗ್ಗಿತು. 1940ರ ಫೆಬ್ರುವರಿ 10ರ ನಡುರಾತ್ರಿಯಿಂದ ರಶಿಯನ್ನರು ಪೂರ್ವ ಪೋಲಂಡಿನ ಮನೆಗಳ ಕದ ಬಡಿದು, ಲಕ್ಷಗಟ್ಟಲೆ ಜನರನ್ನು ರೈಲಿನ ಡಬ್ಬಿಗೆ ತುಂಬಿ ಸೈಬೀರಿಯಾಕ್ಕೂ ಕಝಾಕಸ್ತಾನಕ್ಕೂ ಸಾಗಿಸಿದರು. ಕಾಡಿನಲ್ಲಿ ಕಟ್ಟಿಗೆ ಕಡಿಯುವ ಕೆಲಸ, ಹಸಿವು, ಜ್ವರ. 1941ರಲ್ಲಿ ಜರ್ಮನಿ ರಶಿಯಾದ ಮೇಲೇ ಏರಿ ಹೋದಾಗ ಲೆಕ್ಕ ತಿರುಗಿತು. ಸೆರೆಯಲ್ಲಿದ್ದ ಪೋಲಂಡಿನವರನ್ನು ಬಿಡಲು ಒಪ್ಪಂದವಾಯಿತು. ಅವರದೇ ಸೈನ್ಯವೊಂದು ಸೇರಿಕೊಂಡು 1942ರಲ್ಲಿ ಕ್ಯಾಸ್ಪಿಯನ್ ಸಮುದ್ರ ದಾಟಿ ಇರಾನಿಗೆ ಬಂತು. ಜೊತೆಗೆ ಬಂದ ಹೆಂಗಸರು, ಮಕ್ಕಳು, ತಬ್ಬಲಿಗಳು ಎಲ್ಲಿಗೆ ಹೋಗಬೇಕು? ಸಾವಿರ ಮಟ್ಟಿಗೆ ಮಕ್ಕಳಿಗೆ ಜಾಮನಗರದ ಜಾಮಸಾಹೇಬ ದಿಗ್ವಿಜಯಸಿಂಹಜಿ ತಮ್ಮ ಬಾಲಾಚಡಿಯಲ್ಲಿ ಆಸರೆ ಕೊಟ್ಟರು. ಸುಮಾರು ಐದು ಸಾವಿರ ಜನಕ್ಕೆ ಕೊಲ್ಲಾಪುರದ ಬಳಿಯ ವಳಿವಡೆಯಲ್ಲಿ 1943ರಲ್ಲಿ ಒಂದು ಊರನ್ನೇ ಕಟ್ಟಲಾಯಿತು. ಸಾಲುಮನೆ, ಶಾಲೆ, ಆಸ್ಪತ್ರೆ, ಚರ್ಚು. ಗಂಡಸರು ಹೆಚ್ಚಾಗಿ ಯುದ್ಧದಲ್ಲಿ; ಊರು ತುಂಬ ತಾಯಂದಿರು, ಮಕ್ಕಳು. 1948ರ ತನಕ ಅದು ಪಂಚಗಂಗೆಯ ಬಯಲಿನ ಪೋಲಂಡ್ ಆಗಿತ್ತು.

ಆ ಮಕ್ಕಳ ನಡುವೆ ಕೆಲಸ ಮಾಡಿದವರಲ್ಲಿ ವಾಂಡಾ ದಿನೋವ್ಸ್ಕಾ ಎಂಬ ಪೋಲಂಡಿನ ಹೆಣ್ಣುಮಗಳೂ ಇದ್ದಳು. ಗಾಂಧೀಜಿಯ ಸಂಪರ್ಕಕ್ಕೆ ಬಂದು ಉಮಾದೇವಿ ಎಂದು ಕರೆಸಿಕೊಂಡವಳು, ಭಗವದ್ಗೀತೆಯನ್ನು ತನ್ನ ಭಾಷೆಗೆ ತಂದವಳು. ಆಕೆ ಕಣ್ಣು ಮುಚ್ಚಿದ್ದು 1971ರಲ್ಲಿ, ನಮ್ಮ ಮೈಸೂರಿನಲ್ಲಿ.

ಬಾಬ್ಚಾಳ ಮನೆತನದವರು ಯಾರೂ ವಳಿವಡೆಗೆ ಬಂದವರಲ್ಲ. 2024ರ ಆಗಸ್ಟಿನಲ್ಲಿ ನಮ್ಮ ಪ್ರಧಾನಿ ವಾರ್ಸಾದಲ್ಲಿರುವ ಕೊಲ್ಲಾಪುರ ಸ್ಮಾರಕಕ್ಕೆ ಹೂವಿಟ್ಟದ್ದನ್ನು ಟಿವಿಯಲ್ಲಿ ನೋಡಿ, ಆಮೇಲೆ ಅದರ ಬಗ್ಗೆ ಓದಿದ್ದಳು. ವಾರ್ಸಾ ಪಟ್ಟಣದ ನಡುವೆ ಕೊಲ್ಲಾಪುರದ ಹೆಸರಿನ ಕಲ್ಲು! ನಮ್ಮ ಮನೆಯ ಸಾಮಾನನ್ನು ಪರರ ಮನೆಯ ದೇವರ ಕೋಣೆಯಲ್ಲಿ ಕಂಡ ಹಾಗಾಯಿತು ನನಗೆ.

ಆ ರಾತ್ರಿ ಕೂಸನ್ನು ತೂಗುತ್ತ ಮಗಳಿಗೆ ಲೆಕ್ಕ ಹಾಕಲು ಹೇಳಿದೆ. ವಳಿವಡೆಯ ಮೊದಲ ಈಸ್ಟರ್ 1944ರ ಏಪ್ರಿಲ್ 9, ರವಿವಾರ. ಅದರ ಹಿಂದಿನ ದಿನವೇ, 8ಕ್ಕೆ, ಚೈತ್ರದ ಹುಣ್ಣಿಮೆ, ನಮ್ಮ ದವನದ ಹುಣ್ಣಿಮೆ. ಆ ಹುಣ್ಣಿಮೆಗೆ ಕೊಲ್ಲಾಪುರದ ಜ್ಯೋತಿಬಾ ಗುಡ್ಡದಲ್ಲಿ ದೊಡ್ಡ ಜಾತ್ರೆ. ಮುಗಿಲೆತ್ತರದ ಸಾಸನಕಾಠಿ ಹೊತ್ತು ನಮ್ಮ ಕಡೆಯ ಜನವೂ ಹೋಗುತ್ತಾರೆ. ಒಂದೇ ಬೆಳದಿಂಗಳ ಕೆಳಗೆ ಗುಡ್ಡದ ಮೇಲೆ ಗುಲಾಲು ಹಾರುತ್ತಿದ್ದರೆ, ಬಯಲಿನಲ್ಲಿ ಈ ತಾಯಂದಿರು ಮರುದಿನದ ಹಬ್ಬಕ್ಕೆ ಅಣಿಯಾಗುತ್ತಿದ್ದರು. ಅಲ್ಲಿ ವಿಲ್ಲೋ ಗಿಡವಿಲ್ಲ, ಹಿಮವಿಲ್ಲ, ಏಪ್ರಿಲಿನ ಬಿಸಿಲು ಮಾತ್ರ.

ಮರುವರ್ಷದ ಈಸ್ಟರ್ 1945ರ ಏಪ್ರಿಲ್ 1. ಅದು ಇನ್ನೂ ಕಠಿಣವಾಗಿತ್ತು. ಆ ಫೆಬ್ರುವರಿಯಲ್ಲಿ ಯಾಲ್ಟಾ ಎಂಬಲ್ಲಿ ರೂಸ್‌ವೆಲ್ಟ್, ಚರ್ಚಿಲ್, ಸ್ಟಾಲಿನ್ ಕೂಡಿ ಪೋಲಂಡಿನ ಗಡಿಯನ್ನೇ ಪಶ್ಚಿಮಕ್ಕೆ ಸರಿಸಿದ್ದರು. ವಳಿವಡೆಯ ಬಹುಪಾಲು ಜನರ ಹೊಲ, ಮನೆ, ಹಿರಿಯರ ಸಮಾಧಿ ಎಲ್ಲ ಸೋವಿಯತ್ ರಶಿಯಾದ ಪಾಲಾದವು. ಗೆದ್ದವರ ಕಡೆಯಿದ್ದೂ ಅವರಿಗೆ ಊರಿಲ್ಲದಂತಾಯಿತು. ಮುಂದೆ ಅವರು ಇಂಗ್ಲಂಡ್, ಆಸ್ಟ್ರೇಲಿಯಾ, ಕೆನಡಾ ಎಂದು ಚದುರಿದರು. ಸ್ವದೇಶಕ್ಕೆ ಮರಳಿದವರೂ ಹೆಚ್ಚಾಗಿ ತಮ್ಮ ಹಳೆಯ ಊರಿಗೆ ಹೋಗಲಾಗಲಿಲ್ಲ.

"ನೋಡವಾ," ಅಂದೆ. "ಹಬ್ಬ ಊರಾಗ ಇದ್ದವರಿಗೆ ಅಂದಿ. ಅವರಿಗೆ ಊರ ಇರಲಿಲ್ಲ, ಹಬ್ಬ ಇತ್ತು."

ಮಗಳು ತೊಟ್ಟಿಲ ಹಗ್ಗ ಹಿಡಿದು ಸುಮ್ಮನೆ ಕುಳಿತಿದ್ದಳು. ಆಮೇಲೆ ಅಂದಳು: "ನನಗ ಹಬ್ಬ ಬ್ಯಾಡ ಅಂತಲ್ಲ ಅವ್ವಾ. ಒಬ್ಬಾಕೀನ ಮಾಡಾಕ ಹೋದ್ರ ಅಳು ಬರತದ. ಅದಕ್ಕ ಬ್ಯಾಡ ಅಂದ್ನಿ."

ನಾನು ಅದನ್ನು ತಿಳಿದಿರಲಿಲ್ಲ. ಮಗಳಿಗೆ ಹಬ್ಬದ ಮೇಲೆ ಬೇಸರವೆಂದುಕೊಂಡು ಮೂರು ವಾರ ಮುಖ ಬಿಗಿದುಕೊಂಡಿದ್ದೆ. ಹೆತ್ತವಳಿಗೂ ಕೆಲವು ಸಲ ಮಕ್ಕಳ ಹೊಟ್ಟೆಯೊಳಗಿನದು ಗೊತ್ತಾಗುವುದಿಲ್ಲ.

ರವಿವಾರ ನಸುಕಿನಲ್ಲಿ ಮೂರು ದಿನ ಸುಮ್ಮನಿದ್ದ ಗಂಟೆಗಳೆಲ್ಲ ಒಮ್ಮೆಲೇ ಬಾರಿಸಿದವು. ಜನ ಹಾಡುತ್ತ ಚರ್ಚನ್ನು ಮೂರು ಸುತ್ತು ಸುತ್ತಿದರು. ನಾನು ಕಿಟಕಿಯಲ್ಲಿ ಕೂಸನ್ನು ಎತ್ತಿ ಹಿಡಿದು ನೋಡಿದೆ. ಬೆಳಗಿನ ಫಲಾರಕ್ಕೆ ಬಾಬ್ಚಾಳ ಮೇಜಿಗೆ ಹೋದೆವು. ತೀರ್ಥ ಬಿದ್ದ ಮೊಟ್ಟೆಯನ್ನು ಚೂರು ಮಾಡಿ ಒಬ್ಬರಿಗೊಬ್ಬರು ಕೊಟ್ಟು ಶುಭ ಹಾರೈಸುವುದು ಅವರ ಪದ್ಧತಿ. ಬನ್ನಿ ಕೊಟ್ಟು ಬಂಗಾರವಾಗಿರೋಣ ಅಂದ ಹಾಗೆ. ನನಗೆಂದು ಅವಳು ನನ್ನ ರೊಟ್ಟಿಯನ್ನೇ ಮುರಿದಳು. ಕಡಕ್ ರೊಟ್ಟಿ ಮುರಿದ ಸಪ್ಪಳಕ್ಕೆ ಬೆಚ್ಚಿ, ಮತ್ತೆ ನಕ್ಕು, ಬೆಲ್ಲದೊಡನೆ ಬಾಯಿಗಿಟ್ಟುಕೊಂಡಳು.

ಸೋಮವಾರ ನೀರಾಟ. ಶ್ಮಿಗುಸ್-ಡಿಂಗುಸ್ ಎಂದು ಹೆಸರು. ಹುಡುಗರು ಹುಡುಗಿಯರ ಮೇಲೆ ನೀರು ಎರಚುತ್ತಾರೆ. ಹಿಂದೆ ವಿಲ್ಲೋ ಬರಲಿನಿಂದ ಕಾಲಿಗೆ ಹೊಡೆಯುವುದೂ ಇತ್ತಂತೆ. ನಮ್ಮ ಹನುಮಪ್ಪನ ಗುಡಿಯ ಮುಂದಿನ ಓಕಳಿಯಲ್ಲಿ ಗಂಡಸರು ನೀರು ಎರಚುತ್ತಾರೆ, ಹೆಂಗಸರು ಹಸಿ ಬಟ್ಟೆ ಹೊಸೆದು ಬಾರಿಸುತ್ತಾರೆ. ಇವರಲ್ಲಿ ನೀರೂ ಪೆಟ್ಟೂ ಎರಡೂ ಹುಡುಗಿಯರ ಪಾಲಿಗೇ! ಇಂಥ ಆಟಗಳಲ್ಲಿ ನಮ್ಮಲ್ಲೂ ಕೆಲವೂರುಗಳಲ್ಲಿ ಬಡ ಹೆಣ್ಣುಮಕ್ಕಳಿಗೆ ಅನ್ಯಾಯವಾಗಿದೆ. ಹಳೆಯದೆಲ್ಲ ಉಳಿಸಿಕೊಳ್ಳಬೇಕೆಂದೇನೂ ಇಲ್ಲ. ಮೊಮ್ಮಗಳ ಅಂಗಾಲಿಗೆ ಬಾಬ್ಚಾ ನಾಲ್ಕು ಹನಿ ಬೆಚ್ಚಗಿನ ನೀರು ಹಾಕಿದಳು, ಅಷ್ಟೇ ಅವಳ ನೀರಾಟ. ಆ ಬೆಳಿಗ್ಗೆಯೇ ರೋಮಿನಿಂದ ಪೋಪ್ ಫ್ರಾನ್ಸಿಸ್ ತೀರಿಕೊಂಡ ಸುದ್ದಿ ಬಂತು. ಬಾಬ್ಚಾ ಕಿಟಕಿಯಲ್ಲಿ ಒಂದು ಮೇಣಬತ್ತಿ ಹಚ್ಚಿದಳು. ನಾನು ಪಕ್ಕದಲ್ಲಿ ಕೂತೆ.

ಮೇ ತಿಂಗಳಲ್ಲಿ ಊರಿಗೆ ಬಂದೆ. ಜುಲೈ ಕೊನೆಗೆ ಪಂಚಮಿಯ ಹಿಂದಿನ ದಿನ ಫೋನು. "ಅವ್ವಾ, ಅಳ್ಳಿಟ್ಟಿಗೆ ಏನೇನ ಹುರೀಬೇಕು, ಹೇಳು. ಬಾಬ್ಚಾನೂ ಇಲ್ಲೇ ಕುಂತಾಳ, ಬರಕೊಳ್ಳಾಕತ್ತಾಳ."

ನವರಾತ್ರಿಗೆ ಕೊಲ್ಲಾಪುರಕ್ಕೆ ಹೋದೆ. ಮಹಾಲಕ್ಷ್ಮಿಯ ದರ್ಶನ ಮುಗಿಸಿ ಮಹಾವೀರ ಗಾರ್ಡನ್ನಿಗೆ ನಡೆದೆ. ಅಲ್ಲಿ ಪೋಲಂಡಿನವರು ಕೃತಜ್ಞತೆಗೆಂದು ನಿಲ್ಲಿಸಿದ ಕಂಬವಿದೆ. ಎಷ್ಟೋ ಸಲ ಆ ರಸ್ತೆಯಲ್ಲಿ ಹಾದು ಹೋಗಿದ್ದರೂ ಕಂಡಿರಲಿಲ್ಲ. ಉಡಿ ತುಂಬಿದ ಹೂವಿನಲ್ಲಿ ನಾಲ್ಕು ಅಲ್ಲಿಟ್ಟೆ. ವಳಿವಡೆಯ ಆ ಶಿಬಿರದ ಜಾಗ ಈಗ ಗಾಂಧಿನಗರ. ಪೋಲಂಡಿನವರು ಬಿಟ್ಟು ಹೋದ ಸಾಲುಮನೆಗಳಿಗೆ ದೇಶವಿಭಜನೆಯಲ್ಲಿ ಊರು ಕಳಕೊಂಡ ಸಿಂಧಿಗಳು ಬಂದು ಸೇರಿದರು. ಈಗ ಅದು ಬಟ್ಟೆಯ ದೊಡ್ಡ ಪೇಟೆ.

ಅಲ್ಲಿ ಒಂದು ಮೀಟರು ಬಿಳಿ ಅರಿವೆ ಕೊಂಡೆ. ಕಣ್ಣು ಮೊದಲಿನ ಹಾಗಿಲ್ಲ. ದಿನಕ್ಕೆ ನಾಲ್ಕು ಬೆರಳು ಅಗಲ ಗವಂತಿ ಹೊಲಿಗೆ ಹಾಕುತ್ತ, ನಾಲ್ಕು ಮೂಲೆಗೆ ಗೋಪುರ, ನಡುವೆ ಒಂದು ತೇರು ತೆಗೆದು ಬಾಬ್ಚಾಳಿಗೆ ಅಂಚೆಯಲ್ಲಿ ಕಳಿಸಿದೆ. ಮುಂದಿನ ಈಸ್ಟರಿಗೆ ಬುಟ್ಟಿಗೆ ಹಾಸಲಿ ಎಂದು.